ತಮ್ಮನ ಹೆಸರಿನ ಜರ್ಸಿ

ಫೆಬ್ರವರಿ 3, 2025, ಸೋಮವಾರ

ಬೆಳಿಗ್ಗೆ ಎರಡು ತಾಸು ಪ್ರಾಕ್ಟೀಸ್. ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೂತಿದ್ದೆ. ಕೋಚ್ ರವಿಶಂಕರ್ ಸರ್ ನೋಡಿ ನಕ್ಕರು — ಇಪ್ಪತ್ನಾಲ್ಕಕ್ಕೇ ಮುದುಕನಾದೆಯಾ ಅಂತ. ನಾನೂ ನಕ್ಕೆ. ನನಗೆ ಇಪ್ಪತ್ತೇಳು. ಮಿಡ್‌ಫೀಲ್ಡರ್‌ಗೆ ಇಪ್ಪತ್ನಾಲ್ಕೇ ಸರಿಯಾದ ವಯಸ್ಸು, ಇನ್ನೆರಡು ವರ್ಷದ ಕಾಂಟ್ರ್ಯಾಕ್ಟ್ ಕೊಡಿಸುತ್ತೇನೆ ಅಂದರು. 23ಕ್ಕೆ ಫೈನಲ್. ಕ್ಯಾಪ್ಟನ್ ನಾನೇ. ಖುಷಿಯಾಯಿತು. ಈ ಡೈರಿಯಲ್ಲಾದರೂ ಸುಳ್ಳು ಯಾಕೆ ಬರೆಯಲಿ.

ಫೆಬ್ರವರಿ 6, ಗುರುವಾರ

ತಮ್ಮ ಮಲ್ಲುಗೆ ಶಂಶಾಬಾದಿನಲ್ಲಿ ನೌಕರಿ ಸಿಕ್ಕಿತು. ಏರ್‌ಪೋರ್ಟಿನ ಲಗೇಜ್ ಕೆಲಸ, ಒಂದು ಕಂಪನಿ ಮೂಲಕ. ಅವ್ವ ಹೋಳಿಗೆ ಮಾಡಿದಳು. ಯಾದಗಿರಿ ಬಿಟ್ಟು ಬಂದ ದಿನದಿಂದ ಅಪ್ಪ ಇಲ್ಲಿ ಬಾಲಾನಗರದಲ್ಲಿ ಗೌಂಡಿ, ಬಿಸಿಲಿನಲ್ಲಿ ಗೋಡೆ ಕಟ್ಟುವವನು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದ, ನನ್ನ ಮಗ ನೆರಳಿನಲ್ಲಿ ದುಡಿಯುತ್ತಾನೆ ಅಂತ. ನಾನು ಬಿಸಿಲಿನಲ್ಲಿ ಓಡುವವನು, ಲೆಕ್ಕಕ್ಕಿಲ್ಲ.

ಫೆಬ್ರವರಿ 11, ಮಂಗಳವಾರ

ಮಲ್ಲುವಿನ ನೌಕರಿ ಕಾಗದ ಕಂಪನಿಯಲ್ಲಿ ನಿಂತಿದೆ. ಅವನ ಆಧಾರ್ ಹಾಕಿದರೆ ನಾಲ್ಕು ವರ್ಷದಿಂದ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಪಿ.ಎಫ್. ಇರುವುದು ಬರುತ್ತದಂತೆ. ನೌಕರಿ ಮುಚ್ಚಿಟ್ಟಿದ್ದೀ ಅಂದರಂತೆ. 24ರೊಳಗೆ ಕ್ಲಬ್ಬಿನ ಪತ್ರ ತಂದು ಸರಿಮಾಡಿಸಬೇಕು, ಇಲ್ಲವಾದರೆ ಬೇರೆಯವರನ್ನು ತಗೊಳ್ಳುತ್ತಾರೆ.

ಆ ಕ್ಲಬ್ಬು ನನ್ನದು. ಅಲ್ಲಿರುವ ಮಲ್ಲು ನಾನು.

ಹತ್ತು ವರ್ಷದ ಹಿಂದಿನ ಮಾತು. ಹದಿನೈದರೊಳಗಿನವರ ಕ್ಯಾಂಪ್. ನನಗೆ ಹದಿನೇಳು. ಸಣ್ಣ ಆಳು, ಮೀಸೆ ಇರಲಿಲ್ಲ. ಟ್ರಂಕಿನಿಂದ ಮಲ್ಲುವಿನ ಬರ್ತ್ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ ಕೊಟ್ಟೆ. ಅಪ್ಪ ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ. ಬೇರೆ ಹುಡುಗರು ತಂತಮ್ಮ ಹೆಸರಿನಲ್ಲೇ ಹುಟ್ಟಿದ ತಾರೀಖು ತಿದ್ದಿಸುತ್ತಿದ್ದರು. ನನಗೆ ಅಷ್ಟೂ ಪುರಸೊತ್ತಿರಲಿಲ್ಲ, ಮನೆಯಲ್ಲಿ ರೆಡಿ ಕಾಗದ ಇತ್ತು. ಆಮೇಲೆ ಆ ಹೆಸರೇ ಮುಂದೆ ಹೋಯಿತು — ಜಿಲ್ಲೆ, ಕ್ಲಬ್ಬು, ಆಧಾರ್ ಜೆರಾಕ್ಸ್, ಸಂಬಳ. ಇಬ್ಬರ ಮುಖವೂ ಒಂದೇ ಥರ, ಯಾರೂ ಕೇಳಲಿಲ್ಲ. ಮೈದಾನದಲ್ಲಿ ಮಲ್ಲು, ಮನೆಯಲ್ಲಿ ಬಸು.

ಫೆಬ್ರವರಿ 12

ಮಲ್ಲು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾಳಿಗೆ ಮೇಲೆ ಬಟ್ಟೆ ಒಣಹಾಕುತ್ತಾ ಒಂದು ಸಂಗತಿ ಹೇಳಿದ. ನಾನು ಸೇರಿದ ಮರುವರ್ಷ ಅವನೂ ಅದೇ ಕ್ಯಾಂಪಿಗೆ ಹೋಗಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ.

"ಈ ಕಾಗದದ ಹುಡುಗ ಆಗ್ಲೇ ಆಡಾಕತ್ತಾನಲ್ಲ ಅಂದ್ರಣ್ಣಾ. ನಿನ್ನ ಆಟ ಎಲ್ಲಿ ನಿಂತು ಹೋಗ್ತದೋ ಅಂತ ಸುಮ್ಮನ ವಾಪಸ್ ಬಂದೆ."

ಆಟ ಬಿಟ್ಟ ಅಂತ ಎಷ್ಟು ಸಲ ಅವನನ್ನು ಸೋಮಾರಿ ಅಂದಿದ್ದೇನೆ, ಗೆಳೆಯರ ಮುಂದೆ. ನಗುತ್ತಿದ್ದ. ನನ್ನಷ್ಟು ನಾಚಿಕೆಗೆಟ್ಟವನು ಈ ಓಣಿಯಲ್ಲಿ ಇರಲಿಕ್ಕಿಲ್ಲ.

ಫೆಬ್ರವರಿ 15

ಕ್ಲಬ್ ಮ್ಯಾನೇಜರ್ ಕೋಣೆಗೆ ಹೋದೆ. ಏನು ಅಂದರು. ಐಸ್ ಬ್ಯಾಗ್ ಮುಗಿದಿದೆ ಸರ್ ಅಂದು ಬಂದೆ.

ಫೆಬ್ರವರಿ 18, ಮಂಗಳವಾರ

ಮಲ್ಲುಗೆ ಹೇಳಿದೆ — ಫೈನಲ್ ಆಗಲಿ, ಭಾನುವಾರ ಆಡಿ ಸೋಮವಾರ ಬೆಳಿಗ್ಗೆ ಎಲ್ಲ ಒಪ್ಪಿಕೊಳ್ಳುತ್ತೇನೆ. ಈಗ ಹೇಳಿದರೆ ಬೂಟು ಕಟ್ಟಲೂ ಬಿಡುವುದಿಲ್ಲ. ಆಗ್ಲಿ ತಗೋ ಅಂದ. ಯಾವಾಗ ಡ್ಯೂಟಿ ಅಂತ ಅಪ್ಪ ಕೇಳಿದ್ದಕ್ಕೆ, ಯೂನಿಫಾರ್ಮ್ ಹೊಲಿದು ಬಂದಿಲ್ಲ ಅಂದನಂತೆ. ಅವನ ಬಾಯಲ್ಲೂ ನಾನೇ ಸುಳ್ಳು ಆಡಿಸಿದೆ.

ಫೆಬ್ರವರಿ 23, ಭಾನುವಾರ

ಗೆದ್ದೆವು. 2-1. ಎರಡನೇ ಗೋಲಿಗೆ ಪಾಸ್ ನನ್ನದು. ಮೈಕಿನಲ್ಲಿ ಹೆಸರು ಕೂಗಿದರು, ಕೈ ಎತ್ತಿದೆ. ಮಲ್ಲು ಬಂದಿದ್ದ, ಮೊದಲ ಸಲ. ವಾಪಸ್ ಬಸ್ಸಿನಲ್ಲಿ ಹೇಳಿದ, ಪಕ್ಕದಲ್ಲಿ ಕೂತವರು ಅವನ ಹೆಸರು ಕೇಳಿದರಂತೆ.

"ಬಸು ಅಂದೆ. ಮತ್ತೇನ್ ಹೇಳ್ಲಿ, ನಂದು ನಿನ್ನ ಬೆನ್ನ ಮ್ಯಾಲ ಐತಿ."

ತಮಾಷೆಗೇ ಹೇಳಿದ್ದು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಮನೆಗೆ ಬಂದ ಮೇಲೆ ಹೊಳೆಯಿತು. ನಾಳೆ ನಾನು ಬಾಯಿಬಿಟ್ಟರೆ ಕಪ್ ಕಿತ್ತುಕೊಳ್ಳುತ್ತಾರೆ. ಮೊದಲೇ ಹೇಳಿದ್ದರೆ ಇವತ್ತು ಟೀಮಿನವರು ನಾನಿಲ್ಲದೆ ಆಡುತ್ತಿದ್ದರು, ಗೆದ್ದರೆ ಗೆಲುವು ಅವರದಾಗುತ್ತಿತ್ತು. ಒಂದು ಮ್ಯಾಚಿನ ಆಸೆಗೆ ಅವರನ್ನೂ ಹಾಳುಮಾಡಿದೆ. ಹೇಳದಿದ್ದರೆ ತಮ್ಮ ಹಾಳು.

ಫೆಬ್ರವರಿ 24, ಬೆಳಿಗ್ಗೆ 9.40

ಮ್ಯಾನೇಜರ್ ಕೋಣೆಯ ಹೊರಗೆ ಬೆಂಚು. ಪಕ್ಕದಲ್ಲಿ ಮಲ್ಲು, ಇಸ್ತ್ರಿ ಅಂಗಿ. ನೀ ಬೇಡ ಅಂದರೂ ಬಂದ. ದಾರಿಯುದ್ದಕ್ಕೂ ಒಂದೇ ಮಾತು — ಬ್ಯಾಡಣ್ಣಾ, ಇನ್ನೊಂದು ನೌಕರಿ ಸಿಕ್ಕೇ ಸಿಗ್ತದ. ಮೊದಲೇ ಬರೆದುಕೊಂಡರೆ ನಾಲಿಗೆ ತೊದಲುವುದಿಲ್ಲ ಅಂತ ಬರೆಯುತ್ತಿದ್ದೇನೆ. ಸರ್, ಕಾಗದ ಕದ್ದವನು ನಾನು. ಇವನದು ಏನೂ ತಪ್ಪಿಲ್ಲ. ಟೀಮಿನವರಿಗೂ ಗೊತ್ತಿಲ್ಲ. ಕಪ್ ವಿಷಯ...

ಬಾಗಿಲು ತೆರೆಯಿತು. ಮಲ್ಲು, ಲೋಪಲಿಕಿ ರಾ, ಒಳಗೆ ಬಾ, ಅಂದರು ಮ್ಯಾನೇಜರ್ ತೆಲುಗಿನಲ್ಲಿ, ನನ್ನ ಕಡೆ ನೋಡಿ, ನಗುತ್ತಾ. ನಾನು ಏಳಲಿಲ್ಲ. ತಮ್ಮನ ಭುಜ ಮುಟ್ಟಿ, ನಿನ್ನನ್ನೇ ಕರೆಯುತ್ತಿದ್ದಾರೆ, ಏಳು ಅಂದೆ. ಎದ್ದ. ನಾನು ಅವನ ಹಿಂದೆ ಒಳಗೆ —