ಮೊದಲ ಸಂಚಿಕೆಯ ಹುಡುಗಿ

೯ ಡಿಸೆಂಬರ್ ೨೦೦೬, ಶನಿವಾರ

ನಮ್ಮ ಆಪ್ತಸಮಾಲೋಚನೆ ಪತ್ರಿಕೆಗೆ ಇಂದು ಹತ್ತು ವರ್ಷ. ಭಾಷಣ ಮಾಡಿದವರು ಏನೆಂದರೋ ಕಾಣೆ. ಮೂರನೆಯ ಸಾಲಿನಲ್ಲಿ ಅವಳು ಕೂತಿದ್ದಳು. ಐಎಎಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ದೆಹಲಿಯ ರಾಜಿಂದರ್ ನಗರದ ಬಾಡಿಗೆ ಕೋಣೆಯಲ್ಲಿ ಊಟ ಬಿಟ್ಟು ಮಲಗಿದ್ದವಳು. ಅವಳ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಅವಳ ಕಥೆಯನ್ನು ಮೊದಲ ಸಂಚಿಕೆಗೆ ಬರೆದಿದ್ದೆ. ಆದರೂ ಯಾರಾದರೂ ಅವಳನ್ನು ಗುರುತಿಸಿಯಾರೆಂಬ ಅಳುಕು ಉಳಿದೇ ಇತ್ತು.

ಸಮಾಲೋಚನೆಗೆಂದು ನಮ್ಮಲ್ಲಿಗೆ ಬಂದವರನ್ನು ಹೊರಗೆ ಕಂಡರೆ ನಾವಾಗಿ ಮಾತಾಡಿಸುವಂತಿಲ್ಲ. ಸಮೋಸದ ತಟ್ಟೆ ನೋಡುತ್ತಾ ನಿಂತೆ. ಅವಳೇ ಗಂಡನನ್ನು ಕರೆತಂದಳು.

"ಮೇಡಂ, ಗುರುತಿಲ್ಲದವರ ಹಾಗೆ ನಿಲ್ಲಬೇಡಿ. ಆ ಲೇಖನ ಇವರಿಗೆ ಓದಿ, ಅದರ ಹುಡುಗಿ ನಾನೇ ಅಂತ ಹೇಳಿದೀನಿ."

ಆಮೇಲೆ ಸುತ್ತಲಿದ್ದವರಿಗೆಲ್ಲ ಕೇಳುವಂತೆ ತನ್ನ ನಿಜವಾದ ಹೆಸರು ಹೇಳಿದಳು. ನನ್ನ ಕಣ್ಣು ತುಂಬಿತು.

ಆ ಹೆಸರನ್ನು ಈ ದಿನಚರಿಯಲ್ಲಾದರೂ ಬರೆಯೋಣವೆಂದರೆ, ಕೈ ಇನ್ನೂ ಏಳುತ್ತಿಲ್ಲ.