ಮೊದಲ ಸಾಲಿನ ಸೀಟು

ಕೆಲಗೇರಿ, ಧಾರವಾಡ
೧೪ ಜುಲೈ ೨೦೨೪

ಪ್ರೀತಿಯ ಮಗಳು ಕರುಣಾಗೆ, ನಿನ್ನಪ್ಪನ ಜೈಭೀಮ್.

ಹೈದರಾಬಾದಿನ ನಿಮ್ಮ ಮನೆಯಿಂದ ಬಂದ ಕೂಡಲೇ ಬರೆಯಬೇಕಿತ್ತು, ತಡವಾಯಿತು. ಬೇಜಾರಾಗಬೇಡ. ನಿಮ್ಮವ್ವ ಆರಾಮಿದ್ದಾಳೆ. ವಿಮಾನದ ಕಥೆ ಹೇಳಿ ಓಣಿ ಮುಗಿಸಿದಳು, ಈಗ ಕೆರೆಯ ದಂಡೆಗೆ ವಾಕಿಂಗ್ ಬರುವವರನ್ನೂ ಹಿಡಿದು ನಿಲ್ಲಿಸುತ್ತಿದ್ದಾಳೆ.

ಮೊದಲು ನಿನ್ನ ಸಿಟ್ಟಿನ ಮಾತು. "ಕಾಲಿಗೆ ಜಾಗಾ ಇರೋ ಸೀಟಂತ ಹೆಚ್ಚಿಗಿ ರೊಕ್ಕಾ ಕೊಟ್ಟೀನಿ, ಆದ್ರೂ ಅಪ್ಪ ಮುದುಡಿಕೊಂಡ ಕುಂತಿದ್ನಂದ್ರ ಏನರ್ಥ? ಕಂಪನಿಯವರಿಗೆ ಬರೀತೀನಿ" ಅಂತ ಫೋನಿನಲ್ಲಿ ಅವ್ವನಿಗೆ ಅಂದೆಯಂತೆ. ಬರೆಯಬೇಡ ತಾಯಿ, ಅವರದೇನೂ ತಪ್ಪಿಲ್ಲ.

ಹೋಗುವಾಗ ಹತ್ತಿದ್ದು ಪಂಖದ ಸಣ್ಣ ವಿಮಾನ. ಬಾಗಿಲು ಬಾಲದ ಕಡೆ! ಆಚೆ ಎರಡು, ಈಚೆ ಎರಡು ಸೀಟು. ಎದ್ದು ನಿಂತರೆ ನನ್ನ ತಲೆ ಬ್ಯಾಗಿಡುವ ಕಪಾಟಿಗೆ ಬಡಿಯಿತು. ಆದರೆ ಹಿಂದೆ ಕೂತ ನಾವೇ ಮೊದಲು ಇಳಿದೆವು, ಮುಂದಿನ ಸಾಲಿನ ಸಾಹುಕಾರರು ನೋಡುತ್ತ ನಿಂತರು. ನನಗೆ ಬಲು ಮಜಾ ಅನಿಸಿತು.

ಬರುವಾಗಿನದು ದೊಡ್ಡದು, ಮೂರು ಮೂರು ಸೀಟು. ಮೊದಲ ಸಾಲಿನ ನಮ್ಮೆದುರು ಬರೀ ಗೋಡೆ. ಊಟದ ಹಲಗೆ ಎಲ್ಲಿ ಅಂತ ಹುಡುಕಿದರೆ ಕೈಯಿಡುವ ಪಟ್ಟಿಯೊಳಗೆ ಮಡಚಿಕೊಂಡು ಕೂತಿತ್ತು! ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ಎದ್ದು ಹಿಂದೆಯೂ ಇಣುಕಿ ಬಂದೆ. ಅಲ್ಲಿ ಪಾಪ, ಎಲ್ಲರ ಮೊಣಕಾಲೂ ಮುಂದಿನ ಸೀಟಿಗೆ ಒತ್ತಿದ್ದವು. ನಡುವಿನ ಒಂದು ಸಾಲಿಗೆ ಮಾತ್ರ ಕಾಲು ಚಾಚಲು ಭರ್ತಿ ಜಾಗ.

"ಅವರಿಗೆ ಯಾಕವ್ವ ಅಷ್ಟ್ ಸಡಿಲ?" ಅಂತ ವಿಮಾನದ ಹುಡುಗಿಯನ್ನು ಕೇಳಿದೆ. ಮುಸ್ಕಾನ್ ಅಂತ, ನಮ್ಮ ಹುಬ್ಬಳ್ಳಿಯವಳೇ.

"ಅಲ್ಲಿ ತುರ್ತು ಬಾಗಲಾ ಅದಾವ್ರಿ ಅಜ್ಜಾರ. ಏನರ ಆದ್ರ ಮಂದಿ ಲಗೂ ಹೊರಗ ಹೋಗಬೇಕಲ್ರಿ" ಅಂದಳು.

ನಿಮ್ಮವ್ವ ಚಪ್ಪಲಿ ಬಿಟ್ಟು, ಗೋಡೆಯವರೆಗೆ ಕಾಲು ಚಾಚಿ ಕೂತಳು. "ಹಾಸಿಗಿ ಇದ್ದಷ್ಟು ಕಾಲ ಚಾಚಬೇಕಂತ ಸಾಲ್ಯಾಗ ಕಲಿಸಿದವರು ನೀವು. ಈಗ ನೀವ ಇದ್ದಷ್ಟೂ ಚಾಚವಲ್ರಿ!" ಅಂತ ನಗಾಡಿದಳು. ಜಾಗ ಬೇಕಾದಷ್ಟಿತ್ತು, ನಂಬು.

ಮೊಮ್ಮಗಳಿಗೆ ಮುತ್ತು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಗಿರಿಯಪ್ಪ

ತಾ.ಕ.: ಮತ್ತೆ ಯಾಕೆ ಮುದುಡಿದೆ ಅಂತ ನೀನು ಕೇಳೇ ಕೇಳುತ್ತಿ. ಅವ್ವನಿಗೂ ಹೇಳಿಲ್ಲ. ಮೊದಲ ಸಾಲು ಬಾಗಿಲ ಪಕ್ಕ, ಒಳಗೆ ಬರುವವರೆಲ್ಲ ನನ್ನ ಕಾಲಿನ ಬದಿಗೇ ಹಾದರು. ಸಣ್ಣವನಿದ್ದಾಗ ಊರ ಶಾಲೆಯಲ್ಲೂ ನನ್ನನ್ನು ಬಾಗಿಲ ಪಕ್ಕವೇ ಕೂಡಿಸುತ್ತಿದ್ದರು, ಹೊಸ್ತಿಲ ಹೊರಗೆ. ಒಳಗೆ ಹೋಗುವ ಹುಡುಗರಿಗೆ ನನ್ನ ಕಾಲು ತಾಗಿದರೆ ಮೈಲಿಗೆ ಅಂತ ಅವರು ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು, ನನಗೆ ಛಡಿ ಏಟು ಬೀಳುತ್ತಿತ್ತು. "ಯಾರರ ಬಂದ್ರ ಕಾಲ ಒಳಗ ತಗೋ ಕೂಸ" ಅಂತ ನಿನ್ನಜ್ಜಿ ದಿನಾ ಹೇಳಿ ಕಳಿಸುತ್ತಿದ್ದಳು. ಮುಂದೆ ನಾನು ಹೆಡ್ ಮಾಸ್ತರನಾದೆ, ಕಾಲಿಗೆ ಮಾತ್ರ ಅದು ಇನ್ನೂ ತಿಳಿದಿಲ್ಲ. ವಿಮಾನದಲ್ಲಿ ಒಬ್ಬೊಬ್ಬರು ಹಾದಾಗಲೂ ತಾನಾಗಿಯೇ ಒಳಗೆ ಸರಿಯಿತು. ಬಾಗಿಲು ಹಾಕಿದ ಮೇಲೂ ಚಾಚಲಾಗಲಿಲ್ಲ. ಬಹಳ ನೋವಾಯಿತು, ಕರುಣಾ.

ಮುಂದಿನ ಸಲವೂ ಅದೇ ಸಾಲಿನಲ್ಲಿ ಸೀಟು ತೆಗಿ. ಕಿಟಕಿ ಅವ್ವನಿಗಿರಲಿ. ನನಗೆ ಮಂದಿ ಹಾಯುವ ಬದಿಯದೇ ಬೇಕು.