ದೊಡ್ಡಕ್ಕ ಪೋಸ್ಟ್ ಹಾಕಲಿಲ್ಲ

ಜೂನ್ 3, ಮಂಗಳವಾರ
ಬೆಳಿಗ್ಗೆಯಿಂದ ನೂರಾ ನಲವತ್ತು ರಕ್ತದ ಟ್ಯೂಬಿಗೆ ಹೆಸರಿನ ಸ್ಟಿಕರ್ ಅಂಟಿಸಿದ್ದೇನೆ. ಕತ್ತು ಹಿಡಿದುಕೊಂಡಿದೆ. ಊಟದ ಹೊತ್ತಿಗೆ ಮ್ಯಾನೇಜರರ ವಿದಾಯದ ಪೋಸ್ಟ್ ಬಂತು. “ಭಾರವಾದ ಹೃದಯದಿಂದ, ತುಂಬಿದ ಕಣ್ಣುಗಳಿಂದ... ಇದು ಲ್ಯಾಬ್ ಅಲ್ಲ, ನನ್ನ ಕುಟುಂಬ.” ಎಂಟು ತಿಂಗಳ ಕುಟುಂಬ! ನಮ್ಮ ರಕ್ತಪರೀಕ್ಷೆಯ ಕೋಣೆಗೆ ಬಂದದ್ದು ಎರಡೇ ಸಲ — ಅದರಲ್ಲಿ ಒಂದು ಸಲ ಟಾಯ್ಲೆಟ್ ಅಂದುಕೊಂಡು. ಒಂಬೈನೂರು ಲೈಕ್. ನನ್ನದೂ ಒಂದು. ಏನು ಮಾಡಲಿ, ಅಪ್ರೈಸಲ್ ಇನ್ನೂ ಅವರ ಕೈಯಲ್ಲೇ ಇದೆ.

ಜೂನ್ 5, ಗುರುವಾರ
ನಾಳೆ ದೊಡ್ಡಕ್ಕನಿಗೂ ಕೆಲಸದ ಕೊನೆ ದಿನ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಕರೆಯೋದೇ ಹಾಗೆ; ಇಪ್ಪತ್ತಾರು ವರ್ಷ ಇದೇ ಕೋಣೆಯಲ್ಲಿ ಟೆಕ್ನಿಷಿಯನ್. ಅವರಿಗೂ ಒಂದು ಪೋಸ್ಟ್ ಬರೆದುಕೊಡು, ಓದಿದರೆ ಅಳು ಬರಬೇಕು ಎಂದು ಎಚ್‌ಆರ್‌ನವರು ನನಗೆ ಗಂಟುಹಾಕಿದ್ದಾರೆ. ಹೋಗಿ ದೊಡ್ಡಕ್ಕನಿಗೆ ಹೇಳಿದೆ.
“ಯಾರಿಗೆ ಅಳು ಬರ್ಬೇಕು?”
“ಓದೋರಿಗೆ.”
“ಪಾಪ, ಅವ್ರೇನು ಮಾಡಿದ್ರೇ ನಮಗೆ?”

ಜೂನ್ 6, ಶುಕ್ರವಾರ, ಮಧ್ಯಾಹ್ನ 3.40
ಕೇಕ್ ಬಂದಿದೆ. ಕ್ಯಾಮೆರಾ ಬಂದಿದೆ. ದೊಡ್ಡಕ್ಕ ಬಂದಿಲ್ಲ. ಕೋಣೆಯಲ್ಲಿ ಒಂದು ರಿಪೋರ್ಟ್ ಹಿಡಿದು ನಿಂತಿದ್ದಾರೆ. “ಈ ಯಜಮಾನ್ರ ಪೊಟ್ಯಾಷಿಯಂ ಹೋದ್ವಾರ ಜಾಸ್ತಿ ಇತ್ತು. ಇವತ್ತು ಇಷ್ಟು ಚೆನ್ನಾಗಿದ್ಯಲ್ಲ... ಯಾಕೋ ಸರಿ ಕಾಣ್ತಿಲ್ಲ.”
ಸಂಜೆ 5. ಒಂದೇ ಹೆಸರಿನ ಇಬ್ಬರು. ಅವರ ಟ್ಯೂಬುಗಳ ಸ್ಟಿಕರ್ ಅದಲುಬದಲು. ಯಜಮಾನರ ರಕ್ತ ಮತ್ತೆ ಪರೀಕ್ಷೆ ಮಾಡಿದರೆ — ಹೃದಯ ನಿಂತೇಹೋಗುವಷ್ಟು ಹೆಚ್ಚು. ಆ ಮನೆಗೆ ದೊಡ್ಡಕ್ಕನೇ ಫೋನ್ ಮಾಡಿದರು. ಆಸ್ಪತ್ರೆಗೆ ಹೊರಟೆವು ಎನ್ನುವ ತನಕ ಇಡಲಿಲ್ಲ. ಅಷ್ಟರಲ್ಲಿ ಹೊರಗೆ ಕೇಕ್ ಕತ್ತರಿಸಿ ಆಗಿತ್ತು, ಫೋಟೊ ಸಮೇತ.

ಅದೇ ದಿನ, ಸಂಜೆ 6
ಸ್ಟಿಕರ್ ಅಂಟಿಸಿದವಳು ನಾನು. ಹೇಳಿಬಿಟ್ಟೆ. ದೊಡ್ಡಕ್ಕ ಬೈಯಲಿಲ್ಲ. ತಪ್ಪುಗಳ ರಿಜಿಸ್ಟರ್ ತೆಗೆದು ಮುಂದಿಟ್ಟರು.
“ನಿನ್ ಹೆಸರಲ್ಲೇ ಬರಿ. ನಂದೂ ಇದೆ ಅದ್ರಲ್ಲಿ, ನಾಲ್ಕು. ಪುರಸೊತ್ತಾದಾಗ ಓದ್ಕೋ.”
ಟಿಫಿನ್ ಡಬ್ಬಿ ತೊಳೆದು, ಚೀಲಕ್ಕೆ ಹಾಕಿಕೊಂಡು, ಹಿಂಬಾಗಿಲಿಂದ ಹೋದರು. ಆ ನಾಲ್ಕನ್ನೂ ಓದಿದೆ. ಒಂದರಲ್ಲೂ ನೆಪವಿಲ್ಲ. ಇಂಥ ಬರವಣಿಗೆ ನನಗೆ ಯಾವಾಗ ಬಂದೀತು?

ಜೂನ್ 10, ಮಂಗಳವಾರ
ಆ ಪೊಟ್ಯಾಷಿಯಂ ಯಜಮಾನರ ಮಗಳು ಲ್ಯಾಬಿಗೆ ಬಂದಿದ್ದರು. “ಫೋನ್ ಮಾಡಿದೋರು ಯಾರು? ಅಪ್ಪ ಇವತ್ತು ಎದ್ದು ಕೂತ್ರು. ಒಂದು ಗಂಟೆ ತಡ ಆಗಿದ್ರೂ...” ಫೋನ್ ಮಾಡಿದ್ದು ದೊಡ್ಡಕ್ಕ, ಸ್ಟಿಕರ್ ತಪ್ಪು ನನ್ನದು ಎಂದೆ. ಕುರ್ಚಿಯಿಂದ ಎದ್ದು ಚೀಲ ಹೆಗಲಿಗೇರಿಸಿದರು. ಆಮೇಲೆ, “ಅವ್ರ ಮನೆ ತೋರಿಸ್ತೀರಾ?”
ಹೋದೆವು. ದೊಡ್ಡಕ್ಕ ಬಾಗಿಲು ತೆಗೆದರು. ಮಗಳು ಅವರ ಎರಡೂ ಕೈ ಹಿಡಿದುಕೊಂಡು ಅತ್ತೇ ಬಿಟ್ಟರು. ದೊಡ್ಡಕ್ಕ ಅವರ ಬೆನ್ನು ಸವರುತ್ತಲೇ ನನ್ನ ಕಡೆ ಕಣ್ಣು ಬಿಟ್ಟರು —
“ಲ್ಯಾಬಲ್ಲಿ ಈಗ ಯಾರಿದಾರೇ?”
ನಾನು ಬಂದ ದಾರಿಯಲ್ಲೇ ಲ್ಯಾಬಿಗೆ ಓಡಿದೆ.